ಗೊತ್ತಿಲ್ಲದ ಪ್ರೋಗ್ರಾಂ ಫೈಲ್: ಒತ್ತುವ ಮೊದಲು ಮೂಲ ವಿಚಾರಿಸಿ

ಜುಲೈ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು. ಬ್ರಹ್ಮಾವರ ಕಡೆಯ ನಿವೃತ್ತ ಮಾಸ್ಟ್ರೊಬ್ಬರು ಲ್ಯಾಪ್‌ಟಾಪಿಗೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ ಎದೆಗವಚಿಕೊಂಡು ಉಡುಪಿಯ ನಮ್ಮ ಅಂಗಡಿಗೆ ಬಂದರು. ಊರಿನ ಶಾಲೆಯ ಸ್ಮರಣ ಸಂಚಿಕೆಯ ಕೆಲಸ ಅವರ ಹೆಗಲ ಮೇಲಿತ್ತು, ಅರ್ಧ ಲೇಖನ ಆ ಲ್ಯಾಪ್‌ಟಾಪಿನಲ್ಲೇ ಇತ್ತು. ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಇದೊಂದು ಸಿಟಿಎಫ್ ಲೋಡರ್ ಅಂತ ಉಂಟು ನೋಡಿ. ಮೂರು ಸಲ ಎಂಡ್ ಟಾಸ್ಕ್ ಕೊಟ್ಟೆ, ಪುನಃ ಬರ್ತದೆ. ಕೊಂದರೂ ಸಾಯುವುದಿಲ್ಲ ಅಂದ್ರೆ ಅದು ವೈರಸ್ಸೇ ಅಲ್ವಾ? ಡಿಲೀಟ್ ಮಾಡುವುದು ಹೇಗೆ ಅಂತ ಒಂದು ವೀಡಿಯೊದಲ್ಲಿ ತೋರಿಸಿದ್ದಾರೆ. ನನಗೆ ಧೈರ್ಯ ಬರಲಿಲ್ಲ.”

“ಧೈರ್ಯ ಬಾರದ್ದು ಒಳ್ಳೆಯದಾಯ್ತು ಮಾಸ್ಟ್ರೇ. ನೀವು ಭಾಷೆ ಬದಲಿಸಿ ಕನ್ನಡ ಟೈಪ್ ಮಾಡುವುದಕ್ಕೆ ಅದೇ ಬೇಕಾದದ್ದು” ಎಂದೆ. ಕೀಲಿಮಣೆಯ ಭಾಷೆ ಬದಲಾಯಿಸುವುದು, ಅಕ್ಷರ ಒಳಗೆ ತೆಗೆದುಕೊಳ್ಳುವುದು ಇಂಥ ಕೆಲಸಗಳಿಗೆ ವಿಂಡೋಸ್ ಇಟ್ಟುಕೊಂಡ ಆಳು ಅದು. ಆಳು ಬಿದ್ದರೆ ವಿಂಡೋಸ್ ತಾನೇ ಎಬ್ಬಿಸುತ್ತದೆ, ಅದಕ್ಕೇ ಅದು ಸಾಯುವುದಿಲ್ಲ.

ಅದೇ ಮಳೆಗಾಲದಲ್ಲಿ ಕಾರ್ಕಳ ಕಡೆಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಅಕ್ಕ ಫೋನ್ ಮಾಡಿದರು. ಈಮೇಲಿನಲ್ಲಿ ಇನ್‌ವಾಯ್ಸ್ ಬಂದಿತ್ತು, ಪಿಡಿಎಫ್ ಚಿತ್ರವೇ ಇತ್ತು, ಒತ್ತಿದರು. “ಎಂತದ್ದೂ ಓಪನ್ ಆಗ್ಲಿಲ್ಲ. ಹಾಗೆ ಇನ್ನೊಂದು ಸಲ ಒತ್ತಿದೆ. ಮತ್ತೂ ಆಗ್ಲಿಲ್ಲ.” ಸಂಜೆಯ ಹೊತ್ತಿಗೆ ಅವರ ಈಮೇಲಿನ ಪಾಸ್‌ವರ್ಡ್ ಬದಲಾಗಿತ್ತು.

ಮಾಸ್ಟ್ರು ನಿರಪರಾಧಿಯನ್ನು ಹೊರಗೆ ಹಾಕಲು ಹೊರಟಿದ್ದರು. ಅಕ್ಕ ಕಳ್ಳನಿಗೆ ಬಾಗಿಲು ತೆರೆದರು. ಇಬ್ಬರೂ ನೋಡಿದ್ದು ಹೆಸರು ಮತ್ತು ಮುಖವನ್ನು ಮಾತ್ರ. ನಮ್ಮ ಕಡೆ ಮನೆಗೆ ಹೊಸಬರು ಬಂದರೆ ಹಿರಿಯರು ಬೆಲ್ಲ ನೀರು ಕೊಟ್ಟು ಜಗಲಿಯಲ್ಲಿ ಕೂರಿಸಿ, ಮೂಲ ಎಲ್ಲಿ, ಯಾರ ಪೈಕಿ ಎಂದು ಕೇಳುತ್ತಾರೆ. ಹೆಸರು ಆಮೇಲೆ. ಫೈಲಿಗೂ ಕೇಳಬೇಕಾದದ್ದು ಅದನ್ನೇ: ಎಲ್ಲಿಂದ ಬಂತು, ಎಲ್ಲಿ ಕೂತಿದೆ, ಇದಕ್ಕೆ ಜಾಮೀನು ಯಾರು. ಇಷ್ಟನ್ನೂ ಫೈಲನ್ನು ತೆರೆಯದೆಯೇ ಕೇಳಬಹುದು. ಕ್ರಮವಾಗಿ ಹೇಳುತ್ತೇನೆ. ಇಲ್ಲಿ ಹೇಳಿದ್ದೆಲ್ಲ ವಿಂಡೋಸ್ 10 ಮತ್ತು 11ಕ್ಕೆ.

ಮೊದಲು ಪೂರ್ತಿ ಹೆಸರು ಕಾಣುವಂತೆ ಮಾಡಿ

ವಿಂಡೋಸ್ ಒಂದು ಕೆಟ್ಟ ಅಭ್ಯಾಸ ಇಟ್ಟುಕೊಂಡಿದೆ: ಫೈಲಿನ ಹೆಸರಿನ ಬಾಲವನ್ನು ಮುಚ್ಚಿಡುತ್ತದೆ. ಅಕ್ಕನಿಗೆ ಕಂಡದ್ದು “ಇನ್‌ವಾಯ್ಸ್ ಡಾಟ್ ಪಿಡಿಎಫ್”. ನಿಜವಾದ ಹೆಸರು “ಇನ್‌ವಾಯ್ಸ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ”. ಕೊನೆಯ ಚುಕ್ಕಿಯ ಆಚೆ ಇರುವುದೇ ಫೈಲಿನ ಜಾತಕ. ಅದೇ ಕಾಣದಿದ್ದರೆ ಮುಂದಿನ ಯಾವ ಪರೀಕ್ಷೆಯೂ ಉಪಯೋಗಕ್ಕೆ ಬಾರದು.

ಯಾವುದಾದರೂ ಫೋಲ್ಡರ್ ತೆರೆಯಿರಿ. ವಿಂಡೋಸ್ 11 ಆದರೆ ಮೇಲೆ ವ್ಯೂ, ಅದರೊಳಗೆ ಶೋ, ಅದರೊಳಗೆ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬುದಕ್ಕೆ ಗುರುತು ಹಾಕಿ. ವಿಂಡೋಸ್ 10ರಲ್ಲಿ ವ್ಯೂ ಪಟ್ಟಿಯಲ್ಲೇ ಆ ಚೌಕ ಇದೆ. ಒಮ್ಮೆ ಮಾಡಿದರೆ ಸಾಕು, ಎಲ್ಲ ಫೋಲ್ಡರಿಗೂ ಅನ್ವಯ. ನಮ್ಮ ಅಂಗಡಿಗೆ ರಿಪೇರಿಗೆ ಬಂದ ಯಾವ ಕಂಪ್ಯೂಟರನ್ನೂ ಈ ಒಂದು ಕೆಲಸ ಮಾಡದೆ ನಾನು ಹಿಂದೆ ಕೊಡುವುದಿಲ್ಲ.

ಇಎಕ್ಸ್‌ಇ ಮತ್ತು ಎಂಎಸ್‌ಐ ಪ್ರೋಗ್ರಾಂ ಎಂದು ಹೆಚ್ಚಿನವರಿಗೆ ಗೊತ್ತು. ಆದರೆ ಎಸ್‌ಸಿಆರ್ ಕೂಡ ಪ್ರೋಗ್ರಾಮೇ, ಸ್ಕ್ರೀನ್ ಸೇವರ್ ಎಂಬ ಸಾಧು ಹೆಸರು ಅದಕ್ಕೆ, ಅಷ್ಟೇ. ಬಿಎಟಿ, ಸಿಎಂಡಿ, ವಿಬಿಎಸ್, ಜೆಎಸ್, ಪಿಎಸ್1, ಎಚ್‌ಟಿಎ ಇವೆಲ್ಲ ಕಂಪ್ಯೂಟರಿಗೆ ಅಪ್ಪಣೆ ಕೊಡುವ ಫೈಲುಗಳು. ಎಲ್‌ಎನ್‌ಕೆ ಎಂದರೆ ಶಾರ್ಟ್‌ಕಟ್. ಐಎಸ್‌ಒ ಒಂದು ಡಬ್ಬಿ, ಅದರೊಳಗೆ ಏನು ಬೇಕಾದರೂ ಇರಬಹುದು. ಇನ್‌ವಾಯ್ಸ್, ಲಗ್ನಪತ್ರಿಕೆ, ಫೋಟೊ, ಕೊರಿಯರ್ ರಸೀದಿ ಇವು ಯಾವುದೂ ಈ ಬಾಲ ಹೊತ್ತು ಬರಬೇಕಾದ ವಸ್ತುಗಳಲ್ಲ. ಬಂದರೆ ಅಲ್ಲಿಗೇ ತನಿಖೆ ಮುಗಿಯಿತು, ಅಳಿಸಿ.

ಹೆಸರಿನ ಪಕ್ಕದ ಚಿತ್ರಕ್ಕೆ ಕವಡೆಯ ಬೆಲೆಯೂ ಇಲ್ಲ. ಪ್ರೋಗ್ರಾಂ ಬರೆದವನು ತನಗೆ ಬೇಕಾದ ಚಿತ್ರ ಅಂಟಿಸಬಹುದು. ಹೆಸರಿನೊಳಗೆ ಕಣ್ಣಿಗೆ ಕಾಣದ ಒಂದು ಯುನಿಕೋಡ್ ಚಿಹ್ನೆ ಸೇರಿಸಿ ಮುಂದಿನ ಅಕ್ಷರಗಳು ಬಲದಿಂದ ಎಡಕ್ಕೆ ಕಾಣುವಂತೆ ತಿರುಗಿಸುವ ಮೋಸವೂ ಇದೆ. ಆಗ ಬಾಲವೇ ಹೆಸರಿನ ಮಧ್ಯದಲ್ಲಿ ಕಾಣುತ್ತದೆ. ಅನುಮಾನ ಬಂದರೆ ಫೋಲ್ಡರಿನ ವ್ಯೂವನ್ನು ಡೀಟೇಲ್ಸ್‌ಗೆ ಬದಲಿಸಿ ಟೈಪ್ ಎಂಬ ಕಾಲಂ ನೋಡಿ. ಅಲ್ಲಿ ಅಪ್ಲಿಕೇಶನ್ ಎಂದಿದ್ದರೆ ಹೆಸರು ಏನೇ ಹೇಳಲಿ, ಅದು ಪ್ರೋಗ್ರಾಂ.

ಇನ್ನೂ ಒಂದು ನೇರ ದಾರಿ ಉಂಟು. ಮೊದಲು ನೋಟ್‌ಪ್ಯಾಡ್ ತೆರೆದು, ಅನುಮಾನದ ಫೈಲನ್ನು ಎಳೆದು ಅದರೊಳಗೆ ಬಿಡಿ. ಫೈಲ್ ಓಡುವುದಿಲ್ಲ, ಬರೀ ಅಕ್ಷರವಾಗಿ ಕಾಣುತ್ತದೆ. ವಿಂಡೋಸಿನ ಇಎಕ್ಸ್‌ಇ ಯಾವುದೇ ಇರಲಿ, ಅದರ ಮೊದಲ ಎರಡು ಅಕ್ಷರ ಎಂ ಮತ್ತು ಜೆಡ್. ಎಂಎಸ್-ಡಾಸ್ ಕಾಲದಲ್ಲಿ ಈ ಬಗೆಯ ಫೈಲನ್ನು ರೂಪಿಸಿದ ಮಾರ್ಕ್ ಜ್ಬಿಕೋವ್‌ಸ್ಕಿ ಅವರ ಹೆಸರಿನ ಮೊದಲಕ್ಷರಗಳು ಅವು. ಫೋಟೊ ಎಂದು ಹೇಳಿಕೊಳ್ಳುವ ಫೈಲ್ ಎಂ-ಜೆಡ್ ಎಂದು ಶುರುವಾದರೆ ಬೇರೆ ಸಾಕ್ಷಿ ಬೇಡ. ನೋಡಿದ ಮೇಲೆ ಸೇವ್ ಮಾಡದೆ ಮುಚ್ಚಿ. ನೂರಾರು ಎಂಬಿಯ ಫೈಲಿಗೆ ಈ ಕೆಲಸ ಮಾಡಬೇಡಿ, ನೋಟ್‌ಪ್ಯಾಡ್ ಉಸಿರುಗಟ್ಟಿ ನಿಲ್ಲುತ್ತದೆ.

ಯಾವ ದಾರಿಯಲ್ಲಿ ಬಂತು

ಡೌನ್‌ಲೋಡ್ ಆದದ್ದಾದರೆ ಬ್ರೌಸರಿನಲ್ಲಿ ಕಂಟ್ರೋಲ್ ಮತ್ತು ಜೆ ಒತ್ತಿ. ಕ್ರೋಮ್, ಎಡ್ಜ್ ಎರಡರಲ್ಲೂ ಇಳಿಸಿದ ಫೈಲುಗಳ ಪಟ್ಟಿ ಬರುತ್ತದೆ, ಯಾವ ವಿಳಾಸದಿಂದ ಎಂದೂ ತಿಳಿಯುತ್ತದೆ. ಆ ವಿಳಾಸ ತಂತ್ರಾಂಶ ಮಾಡಿದವರದ್ದೇ, ಅಥವಾ ನೂರು ಡೌನ್‌ಲೋಡ್ ಬಟನ್ ಇರುವ ಯಾರದೋ ಸಂತೆಯೇ ಎಂದು ನೋಡಿ. ಗೂಗಲಿನಲ್ಲಿ ಹುಡುಕಿದಾಗ ಮೇಲ್ಗಡೆ ಸ್ಪಾನ್ಸರ್ಡ್ ಎಂದು ಬರುವುದು ದುಡ್ಡು ಕೊಟ್ಟು ಹಾಕಿದ ಜಾಹೀರಾತು. ಹೆಸರುವಾಸಿ ತಂತ್ರಾಂಶಗಳ ನಕಲಿ ಪುಟ ಮಾಡಿ ಆ ಜಾಗದಲ್ಲಿ ಕೂರಿಸಿದ ಉದಾಹರಣೆಗಳು ಬೇಕಾದಷ್ಟಿವೆ.

ಕನ್ನಡ ಟೈಪ್ ಮಾಡುವವರಿಗೆ ಇಲ್ಲೊಂದು ಮಾತು. ನುಡಿ ತಂತ್ರಾಂಶ ಕನ್ನಡ ಗಣಕ ಪರಿಷತ್ತು ತಯಾರಿಸಿ, ಸರ್ಕಾರ ಉಚಿತವಾಗಿ ಕೊಟ್ಟದ್ದು. ಅದರ ಕೀಲಿಮಣೆ ವಿನ್ಯಾಸ ನಮ್ಮ ಕಿನ್ನಿಕಂಬಳದ ಕೆ. ಪಿ. ರಾವ್ ಅವರದ್ದು, ಈ ಊರಿನವರಿಗೆ ಅಭಿಮಾನದ ಸಂಗತಿ. ಆದರೆ ಉಚಿತ ಎಂಬ ಕಾರಣಕ್ಕೇ ಅದನ್ನು ಸಿಕ್ಕಸಿಕ್ಕ ಜಾಲತಾಣಗಳು ತಮ್ಮದೇ ಇನ್‌ಸ್ಟಾಲರ್ ಒಳಗೆ ಕಟ್ಟಿ ಹಂಚಬಹುದು. ಎಲ್ಲಿಂದ ಇಳಿಸಿದ್ದೆಂದು ನೆನಪಿಲ್ಲದ ನುಡಿ ಇನ್‌ಸ್ಟಾಲರನ್ನು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ದಾಟಿಸುವುದು ಬೇಡ. ಕೀಲಿ ಒತ್ತುವುದನ್ನು ನಡುವೆ ಹಿಡಿದು ಅಕ್ಷರ ಬದಲಿಸುವ ಯಾವ ತಂತ್ರಾಂಶದ ಮೇಲೂ ಆಂಟಿವೈರಸ್ಸುಗಳು ಕೆಲವೊಮ್ಮೆ ಕಣ್ಣು ಕೆಂಪು ಮಾಡುತ್ತವೆ, ಏಕೆಂದರೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮೂ ಕೀಲಿಯನ್ನು ಹಿಡಿಯುವುದು ಅದೇ ತಂತ್ರದಿಂದ. ಹೀಗೆ ಒಳ್ಳೆಯದು ಕೆಟ್ಟದ್ದು ಎರಡೂ ಒಂದೇ ಬಣ್ಣದಲ್ಲಿ ಕಾಣುವಾಗ ನಿರ್ಧರಿಸುವುದು ಬಂದ ದಾರಿಯೇ. ಬರೀ ಯುನಿಕೋಡ್ ಟೈಪ್ ಮಾಡುವವರಿಗೆ ಯಾವುದನ್ನೂ ಇಳಿಸುವ ಅಗತ್ಯವೇ ಇಲ್ಲ. 2019ರ ಮೇ ಅಪ್‌ಡೇಟಿನಿಂದ ವಿಂಡೋಸ್ 10ರಲ್ಲೇ ಕನ್ನಡ ಫೊನೆಟಿಕ್ ಕೀಲಿಮಣೆ ಇದೆ.

ಈಮೇಲಿನಲ್ಲಿ ಜಿಪ್ ಫೈಲ್ ಬಂದು, ಅದಕ್ಕೆ ಪಾಸ್‌ವರ್ಡ್ ಇದ್ದು, ಪಾಸ್‌ವರ್ಡನ್ನು ಅದೇ ಮೇಲಿನಲ್ಲಿ ಬರೆದಿದ್ದರೆ ಒಂದು ಕ್ಷಣ ಯೋಚಿಸಿ. ಬೀಗ ಹಾಕಿ ಬೀಗದಕೈಯನ್ನು ಅದೇ ಬಾಗಿಲಿಗೆ ನೇತುಹಾಕುವುದು ಯಾರ ರಕ್ಷಣೆಗೆ? ಬೀಗ ಇದ್ದರೆ ಮೇಲ್ ಸರ್ವರಿನ ಆಂಟಿವೈರಸ್ಸಿಗೆ ಒಳಗೆ ಇಣುಕಲು ಆಗುವುದಿಲ್ಲ. ಅಕ್ಕನಿಗೆ ಬಂದದ್ದು ಹೀಗೇ. ಕಳಿಸಿದವರ ಹೆಸರು ಪರಿಚಯದ್ದಾದರೆ ಫೋನ್ ಮಾಡಿ ಕೇಳಿ. ಮೇಲಿಗೆ ಉತ್ತರ ಬರೆದು ಕೇಳಬೇಡಿ. ಅವರ ಮೇಲ್ ಕದ್ದವನೇ “ಹೌದು, ನಾನೇ ಕಳಿಸಿದ್ದು” ಎಂದು ಬರೆಯುತ್ತಾನೆ.

ಪೆನ್‌ಡ್ರೈವ್ ನಮ್ಮಂಥ ಡಿಟಿಪಿ ಅಂಗಡಿಗಳಿಗೆ ದಿನದ ಅನ್ನ, ದಿನದ ಗಂಡಾಂತರವೂ ಅದೇ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣಮಠದ ಪರ್ಯಾಯ ಉತ್ಸವ ಬರುವಾಗ ಸ್ವಾಗತ ಬ್ಯಾನರು, ಆಮಂತ್ರಣ, ಯಕ್ಷಗಾನದ ಕರಪತ್ರ ಎಂದು ನಮ್ಮ ಮೇಜಿನ ಮೇಲೆ ಪೆನ್‌ಡ್ರೈವುಗಳ ರಾಶಿ. ಅಂಥದ್ದೇ ಒಂದು ಗಡಿಬಿಡಿಯಲ್ಲಿ ನನ್ನ ಕಂಪ್ಯೂಟರಿಗೆ ಶಾರ್ಟ್‌ಕಟ್ ವೈರಸ್ ಹತ್ತಿ, ಆಮೇಲೆ ಸಿಕ್ಕಿಸಿದ ಹತ್ತಾರು ಗಿರಾಕಿಗಳ ಪೆನ್‌ಡ್ರೈವಿಗೂ ನನ್ನ ಅಂಗಡಿಯಿಂದಲೇ ದಾಟಿತು. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದ್ದು ಇನ್ನೂ ಮರೆತಿಲ್ಲ. ಆ ವೈರಸ್ ನಿಮ್ಮ ನಿಜವಾದ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಒತ್ತಿದರೆ ನಿಮ್ಮ ಫೋಲ್ಡರೂ ತೆರೆಯುತ್ತದೆ, ವೈರಸ್ಸೂ ಓಡುತ್ತದೆ, ಹಾಗಾಗಿ ಸಂಶಯವೇ ಬರುವುದಿಲ್ಲ. ಫೋಲ್ಡರಿನ ಚಿತ್ರದ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಇದೆಯೇ ನೋಡಿ. ಇದ್ದರೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದು ಟಾರ್ಗೆಟ್ ಎಂಬ ಸಾಲು ಓದಿ. ಅಲ್ಲಿ ಸಿಎಂಡಿ ಅಥವಾ ಡಬ್ಲ್ಯುಸ್ಕ್ರಿಪ್ಟ್ ಎಂಬ ಹೆಸರು ಕಂಡರೆ ಅದೇ ಕಳ್ಳ. ಹೆದರಬೇಡಿ, ನಿಮ್ಮ ಫೈಲ್ ಎಲ್ಲೂ ಹೋಗಿಲ್ಲ. ವ್ಯೂ, ಶೋ, ಹಿಡನ್ ಐಟಮ್ಸ್ ಎಂದು ಒತ್ತಿ. ಆಗಲೂ ಕಾಣದಿದ್ದರೆ ಫೋಲ್ಡರ್ ಆಪ್ಶನ್ಸ್‌ನಲ್ಲಿ ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್ ಎಂಬುದರ ಗುರುತು ತೆಗೆಯಿರಿ. ಬೇಕಾದ ಫೋಟೊ, ಡಾಕ್ಯುಮೆಂಟುಗಳನ್ನು ಮಾತ್ರ ಎತ್ತಿಕೊಂಡು, ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ. ನಿಮ್ಮ ಕಂಪ್ಯೂಟರಿಗೂ ಒಂದು ಫುಲ್ ಸ್ಕ್ಯಾನ್ ಕೊಡಿ.

ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಬಳಸಲು ಬೀಗ ಮುರಿದ ತಂತ್ರಾಂಶದ ಬಗ್ಗೆ ಇಷ್ಟೇ ಹೇಳುತ್ತೇನೆ: “ಮೊದಲು ಆಂಟಿವೈರಸ್ ಆಫ್ ಮಾಡಿ” ಎಂದು ಹೇಳುವ ಯಾವ ಫೈಲಿಗೂ ಮುಂದಿನ ಪರೀಕ್ಷೆಗಳ ಅಗತ್ಯ ಇಲ್ಲ.

ಎಲ್ಲಿ ಕೂತಿದೆ

ಆಗಲೇ ಓಡುತ್ತಿರುವ ಪ್ರೋಗ್ರಾಂ ಬಗ್ಗೆ ಸಂಶಯ ಬಂದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಆ ಹೆಸರಿನ ಮೇಲೆ ರೈಟ್ ಕ್ಲಿಕ್, ಓಪನ್ ಫೈಲ್ ಲೊಕೇಶನ್. ಮಾಸ್ಟ್ರ ಲ್ಯಾಪ್‌ಟಾಪಿನಲ್ಲಿ ಹೀಗೆ ಮಾಡಿದಾಗ ಸಿ ಡ್ರೈವ್, ವಿಂಡೋಸ್, ಸಿಸ್ಟಮ್32 ತೆರೆಯಿತು. ಅದು ಇರಬೇಕಾದ ಮನೆ ಅದೇ.

ವಿಂಡೋಸಿನ ಸ್ವಂತ ಪ್ರೋಗ್ರಾಮುಗಳಿಗೆ ನಿಗದಿಯಾದ ಮನೆ ಇರುತ್ತದೆ. ಎಸ್‌ವಿಸಿಹೋಸ್ಟ್ ಎಂಬುದು ಹತ್ತಾರು ಸಾಲು ಒಟ್ಟಿಗೆ ಕಾಣುತ್ತದೆ, ಅದನ್ನು ನೋಡಿ ಗಾಬರಿಯಾಗುವವರು ತುಂಬ ಜನ. ಹತ್ತಾರು ಇರುವುದು ಸಹಜ, ಹೆಚ್ಚಾಗಿ ವಿಂಡೋಸಿನ ಒಂದೊಂದು ಸೇವೆಗೂ ಒಂದೊಂದು. ಆದರೆ ಅದರಲ್ಲಿ ಯಾವುದಾದರೂ ಒಂದರ ಜಾಗ ಡೌನ್‌ಲೋಡ್ಸ್, ಟೆಂಪ್, ಅಥವಾ ಆಪ್‌ಡೇಟಾ ಎಂದು ಬಂದರೆ ಅದು ವೇಷ. ಫೋಲ್ಡರುಗಳನ್ನು ತೋರಿಸುವ ಎಕ್ಸ್‌ಪ್ಲೋರರ್ ಮಾತ್ರ ಸಿಸ್ಟಮ್32 ಒಳಗಿಲ್ಲ, ನೇರ ವಿಂಡೋಸ್ ಫೋಲ್ಡರಿನಲ್ಲೇ ಇರುತ್ತದೆ. ಇದು ಗೊತ್ತಿಲ್ಲದೆ ಒಳ್ಳೆಯದನ್ನು ಕಳ್ಳ ಎಂದು ತಿಳಿಯಬೇಡಿ.

ಅಕ್ಷರವನ್ನೂ ಒಂದೊಂದಾಗಿ ಓದಿ. ಓ ಇರಬೇಕಾದಲ್ಲಿ ಸೊನ್ನೆ ಇರುತ್ತದೆ. ಇಂಗ್ಲಿಷಿನ ಸಣ್ಣ ಎಲ್ ಇರಬೇಕಾದಲ್ಲಿ ದೊಡ್ಡ ಐ ಇರುತ್ತದೆ, ಪರದೆಯ ಮೇಲೆ ಎರಡೂ ಒಂದೇ ಕಡ್ಡಿ. ಹೆಸರನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ಅಕ್ಷರ ದೊಡ್ಡದು ಮಾಡಿದರೆ ಸೊನ್ನೆ ಕಣ್ಣಿಗೆ ಬೀಳುತ್ತದೆ.

ಆಪ್‌ಡೇಟಾದಲ್ಲಿ ಇದ್ದದ್ದೆಲ್ಲ ಕೆಟ್ಟದ್ದು ಎಂದಲ್ಲ. ಜೂಮ್‌ನಂಥ ಎಷ್ಟೋ ಒಳ್ಳೆಯ ಪ್ರೋಗ್ರಾಮುಗಳು ಅಲ್ಲೇ ಬಿಡಾರ ಹೂಡುತ್ತವೆ, ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳದೆ ಇನ್‌ಸ್ಟಾಲ್ ಆಗಬಹುದಾದ ಜಾಗ ಅದು. ಕಳ್ಳರಿಗೂ ಆ ಜಾಗ ಇಷ್ಟವಾಗುವುದು ಅದೇ ಕಾರಣಕ್ಕೆ. ಹಾಗಾಗಿ ಅಲ್ಲಿ ಕೂತದ್ದಕ್ಕೆ ಜಾಮೀನು ಕೇಳಲೇಬೇಕು.

ಜಾಮೀನು: ಡಿಜಿಟಲ್ ಸಹಿ

ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್. ಅಲ್ಲಿ ಡೀಟೇಲ್ಸ್ ಎಂಬ ಪುಟ ಇದೆ, ಡಿಜಿಟಲ್ ಸಿಗ್ನೇಚರ್ಸ್ ಎಂಬ ಪುಟವೂ ಇದೆ. ಇವೆರಡರ ವ್ಯತ್ಯಾಸ ಗೊತ್ತಿರಬೇಕು. ಡೀಟೇಲ್ಸ್‌ನಲ್ಲಿ ಕಾಣುವ ಕಂಪನಿಯ ಹೆಸರು, ಕಾಪಿರೈಟ್ ಸಾಲು ಎಲ್ಲ ಪ್ರೋಗ್ರಾಂ ಬರೆದವನು ತನ್ನ ಇಷ್ಟಕ್ಕೆ ತುಂಬಿಸಿದ್ದು. ನಾನು ಇವತ್ತು ಒಂದು ಪ್ರೋಗ್ರಾಂ ಬರೆದು ಅದರಲ್ಲಿ ಮೈಕ್ರೋಸಾಫ್ಟ್ ಕಾರ್ಪೊರೇಶನ್ ಎಂದು ಹಾಕಿದರೆ ತಡೆಯುವವರಿಲ್ಲ. ಸಹಿ ಹಾಗಲ್ಲ. ಒಂದು ಪ್ರಮಾಣಪತ್ರ ಸಂಸ್ಥೆ ವಿಚಾರಿಸಿ ಕೊಟ್ಟ ಕೀಲಿಯಿಂದ ಹಾಕಿದ ಮೊಹರು ಅದು, ಆಮೇಲೆ ಫೈಲಿನಲ್ಲಿ ಒಂದು ಅಕ್ಷರ ಬದಲಿಸಿದರೂ ಮೊಹರು ಒಡೆಯುತ್ತದೆ.

ಡಿಜಿಟಲ್ ಸಿಗ್ನೇಚರ್ಸ್ ಪುಟದಲ್ಲಿ ಹೆಸರನ್ನು ಆರಿಸಿ ಕೆಳಗಿನ ಡೀಟೇಲ್ಸ್ ಬಟನ್ ಒತ್ತಿ. ಸಹಿ ಸರಿಯಾಗಿದೆ ಎಂಬರ್ಥದ ಸಾಲು, ದಿಸ್ ಡಿಜಿಟಲ್ ಸಿಗ್ನೇಚರ್ ಈಸ್ ಓಕೆ ಎಂದು, ಬರಬೇಕು. ಅಷ್ಟಕ್ಕೇ ನಿಲ್ಲಬೇಡಿ. ಸಹಿ ಯಾರದು ಎಂದೂ ಓದಿ. ಪ್ರಿಂಟರ್ ಡ್ರೈವರ್ ಎಂದು ಬಂದ ಫೈಲಿಗೆ ಕೇಳರಿಯದ ಯಾವುದೋ ವ್ಯಾಪಾರಿ ಕಂಪನಿಯ ಸಹಿ ಇದ್ದರೆ ಸಹಿ ಸರಿ, ಆಸಾಮಿ ಬೇರೆ.

ಸಹಿಯ ಪುಟವೇ ಕಾಣದಿದ್ದರೆ? ಎರಡು ಅರ್ಥ ಇದೆ. ವಿಂಡೋಸಿನ ಸ್ವಂತ ಫೈಲುಗಳಲ್ಲಿ ಬಹಳಷ್ಟಕ್ಕೆ ಸಹಿ ಆ ಫೈಲಿನೊಳಗೆ ಇರುವುದಿಲ್ಲ, ಕ್ಯಾಟಲಾಗ್ ಎಂಬ ಬೇರೆ ಕಡತದಲ್ಲಿ ಇರುತ್ತದೆ. ಅದಕ್ಕೇ ಅಂಥ ಫೈಲುಗಳ ಪ್ರಾಪರ್ಟೀಸ್‌ನಲ್ಲಿ ಆ ಪುಟ ಕಾಣದು. ಇದನ್ನು ನೋಡಿ “ಮೈಕ್ರೋಸಾಫ್ಟ್ ಸಹಿ ಇಲ್ಲ, ನಕಲಿ” ಎಂದು ತೀರ್ಮಾನಿಸಿ ಸಿಸ್ಟಮ್ ಫೈಲ್ ಅಳಿಸಿದವರ ಕಂಪ್ಯೂಟರುಗಳು ನನ್ನ ಮೇಜಿಗೆ ಬಂದಿವೆ. ಇಂಥ ಸಹಿಯನ್ನೂ ಸೇರಿಸಿ ನೋಡಲು ಸಿಸ್‌ಇಂಟರ್ನಲ್ಸ್ ಬಳಗದ ಪ್ರೋಸೆಸ್ ಎಕ್ಸ್‌ಪ್ಲೋರರ್, ಆಟೋರನ್ಸ್ ಎಂಬ ಉಚಿತ ಸಾಧನಗಳಿವೆ. ಸಿಸ್‌ಇಂಟರ್ನಲ್ಸನ್ನು ಮೈಕ್ರೋಸಾಫ್ಟ್ 2006ರಲ್ಲಿ ತನ್ನದಾಗಿಸಿಕೊಂಡಿತು, ಹಾಗಾಗಿ ಇಳಿಸಿಕೊಳ್ಳುವುದು ಮೈಕ್ರೋಸಾಫ್ಟಿನ ಜಾಲತಾಣದಿಂದ ಮಾತ್ರ. ಎರಡನೆಯ ಅರ್ಥ: ಹೊರಗಿನ ಪ್ರೋಗ್ರಾಮಿಗೆ ಸಹಿಯೇ ಹಾಕಿಲ್ಲ. ಸಹಿಗೆ ದುಡ್ಡು ಬೇಕು, ಒಬ್ಬಂಟಿಯಾಗಿ ಉಚಿತ ತಂತ್ರಾಂಶ ಬರೆಯುವವರಿಗೆ ಅದು ಹೊರೆ. ಸಹಿ ಇಲ್ಲದ್ದು ಅಪರಾಧವಲ್ಲ, ಆದರೆ ದೊಡ್ಡ ಕಂಪನಿಯ ಹೆಸರು ಹೇಳಿಕೊಂಡು ಸಹಿ ಇಲ್ಲದೆ ಬಂದದ್ದು ಸುಳ್ಳು.

ಸಹಿ ಇದ್ದ ಮಾತ್ರಕ್ಕೂ ಕಣ್ಣು ಮುಚ್ಚಿ ಒಪ್ಪುವಂತಿಲ್ಲ. 2017ರಲ್ಲಿ ಸಿಕ್ಲೀನರ್ ಎಂಬ ಹೆಸರಾಂತ ತಂತ್ರಾಂಶದ 5.33ನೇ ಆವೃತ್ತಿಗೆ ಕಳ್ಳರು ಕಂಪನಿಯ ಒಳಗೇ ನುಗ್ಗಿ ತಮ್ಮ ಕೋಡ್ ಸೇರಿಸಿದ್ದರು. ಸಹಿಯೂ ಅಸಲಿ, ಜಾಲತಾಣವೂ ಅಸಲಿ. ಸುಮಾರು 22.7 ಲಕ್ಷ ಮಂದಿಯ ಕಂಪ್ಯೂಟರಿಗೆ ಅದು ಹೋಯಿತು. ಇಂಥದ್ದು ಅಪರೂಪ, ಆದರೂ ಮುಂದಿನ ಪರೀಕ್ಷೆಯನ್ನು ಬಿಡದಿರಲು ಇದು ಸಾಕಾದ ಕಾರಣ.

ಬೆರಳಚ್ಚು ತೆಗೆದು ಎಪ್ಪತ್ತು ಮಂದಿಯನ್ನು ಕೇಳಿ

ಪ್ರತಿ ಫೈಲಿಗೂ ಒಂದು ಬೆರಳಚ್ಚು ತೆಗೆಯಬಹುದು. ಎಸ್‌ಎಚ್‌ಎ-256 ಎಂಬ ಲೆಕ್ಕದಿಂದ ಬರುವ 64 ಅಕ್ಷರಗಳ ಸಾಲು ಅದು. ಹೆಸರು ಬದಲಿಸಿದರೂ ಬೆರಳಚ್ಚು ಬದಲಾಗದು, ಒಳಗೆ ಒಂದು ಚುಕ್ಕಿ ಬದಲಾದರೂ ಪೂರ್ತಿ ಬೇರೆಯಾಗುತ್ತದೆ. ಕಂಪ್ಯೂಟರಿನಲ್ಲಿ ಸೆವೆನ್-ಜಿಪ್ ಇದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಸಿಆರ್‌ಸಿ ಎಸ್‌ಎಚ್‌ಎ ಎಂಬ ಮೆನುವಿನಲ್ಲಿ ಎಸ್‌ಎಚ್‌ಎ-256 ಸಿಗುತ್ತದೆ. ಇಲ್ಲದಿದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ ಆಸ್ ಪಾಥ್ ಕೊಡಿ (ವಿಂಡೋಸ್ 10ರಲ್ಲಿ ಶಿಫ್ಟ್ ಹಿಡಿದು ರೈಟ್ ಕ್ಲಿಕ್). ಅಪ್ಪಣೆಗಳನ್ನು ಟೈಪ್ ಮಾಡಿ ಕೊಡುವ ಪವರ್‌ಶೆಲ್ ಎಂಬ ಕಿಟಕಿ ತೆರೆದು, ಇಂಗ್ಲಿಷಿನಲ್ಲಿ ಗೆಟ್, ಅಡ್ಡಗೆರೆ, ಫೈಲ್‌ಹ್ಯಾಶ್ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು ಆ ಪಾಥ್ ಪೇಸ್ಟ್ ಮಾಡಿ ಎಂಟರ್ ಒತ್ತಿ. ಫೈಲ್ ಓಡುವುದಿಲ್ಲ, ಅದರ ಬೆರಳಚ್ಚು ಮಾತ್ರ ಬರುತ್ತದೆ.

ವಿಎಲ್‌ಸಿಯಂಥ ತಂತ್ರಾಂಶದವರು ಡೌನ್‌ಲೋಡ್ ಪುಟದಲ್ಲೇ ತಮ್ಮ ಫೈಲಿನ ಬೆರಳಚ್ಚು ಪ್ರಕಟಿಸುತ್ತಾರೆ. ನಿಮ್ಮದು ಅದಕ್ಕೆ ತಾಳೆಯಾದರೆ ದಾರಿಯಲ್ಲಿ ಯಾರೂ ಕೈಯಾಡಿಸಿಲ್ಲ.

ಇನ್ನು ವೈರಸ್‌ಟೋಟಲ್. 2004ರಲ್ಲಿ ಸ್ಪೇನಿನಲ್ಲಿ ಶುರುವಾದ ಉಚಿತ ಸೇವೆ, 2012ರಿಂದ ಗೂಗಲಿನ ಕೈಯಲ್ಲಿದೆ. ಸುಮಾರು 70 ಆಂಟಿವೈರಸ್ ಎಂಜಿನುಗಳು ಒಂದು ಫೈಲಿನ ಬಗ್ಗೆ ಏನು ಹೇಳುತ್ತವೆ ಎಂದು ಒಂದೇ ಪುಟದಲ್ಲಿ ತೋರಿಸುತ್ತದೆ. ಅಲ್ಲಿ ಹೋದ ಕೂಡಲೇ ಫೈಲ್ ಏರಿಸಬೇಡಿ. ಮೊದಲು ಸರ್ಚ್ ಎಂಬಲ್ಲಿ ಬೆರಳಚ್ಚನ್ನು ಪೇಸ್ಟ್ ಮಾಡಿ. ಬೇರೆ ಯಾರಾದರೂ ಅದೇ ಫೈಲನ್ನು ಮೊದಲು ಕೊಟ್ಟಿದ್ದರೆ ಫಲಿತಾಂಶ ತಕ್ಷಣ ಬರುತ್ತದೆ. ನೀವು ಏರಿಸಿದ ಫೈಲ್ ಭದ್ರತಾ ಕಂಪನಿಗಳಿಗೂ ದುಡ್ಡು ಕೊಟ್ಟ ಗ್ರಾಹಕರಿಗೂ ಸಿಗುವಂತಿರುತ್ತದೆ. ಹಾಗಾಗಿ ಸಂಬಳದ ಪಟ್ಟಿ, ಆಧಾರ್ ಪ್ರತಿ, ಗಿರಾಕಿಗಳ ಲೆಕ್ಕ ಇಂಥದ್ದನ್ನು ಯಾವ ಕಾರಣಕ್ಕೂ ಅಲ್ಲಿಗೆ ಏರಿಸಬಾರದು. ಪ್ರೋಗ್ರಾಂ ಫೈಲಾದರೆ ಅಡ್ಡಿಯಿಲ್ಲ, 650 ಎಂಬಿವರೆಗೆ ತೆಗೆದುಕೊಳ್ಳುತ್ತದೆ.

ಫಲಿತಾಂಶ ಓದುವುದರಲ್ಲಿ ಜನ ಎಡವುತ್ತಾರೆ. ಅಕ್ಕನ ಫೈಲಿಗೆ ನಲವತ್ತಕ್ಕೂ ಹೆಚ್ಚು ಎಂಜಿನುಗಳು ಕೆಂಪು ತೋರಿಸಿದವು, ಬಹಳಷ್ಟರಲ್ಲಿ ಸ್ಟೀಲರ್, ಅಂದರೆ ಕದಿಯುವವನು, ಎಂಬ ಪದವೇ ಇತ್ತು. ಅಲ್ಲಿ ಯೋಚಿಸಲು ಏನೂ ಉಳಿಯಲಿಲ್ಲ. ಕಷ್ಟ ಬರುವುದು 70ರಲ್ಲಿ ಒಂದೋ ಎರಡೋ ಕೆಂಪಾದಾಗ. ಆಗ ಹೇಳಿದವರು ಯಾರು, ಹೇಳಿದ್ದು ಏನು ಎಂದು ನೋಡಿ. ಹೆಸರು ಕೇಳಿರದ ಎಂಜಿನ್, ಜೆನೆರಿಕ್ ಅಥವಾ ಹ್ಯೂರಿಸ್ಟಿಕ್ ಎಂಬಂಥ ಅಂದಾಜಿನ ಪದ, ಫೈಲಿನ ಮೂಲ ಮತ್ತು ಸಹಿ ಎರಡೂ ಚೊಕ್ಕ ಎಂದಾದರೆ ಅದು ಸುಳ್ಳು ಗಂಟೆ ಇರುವ ಸಾಧ್ಯತೆ ಹೆಚ್ಚು. ಪಿಯುಎ (ಬೇಡದ ಪ್ರೋಗ್ರಾಂ) ಅಥವಾ ಆಡ್‌ವೇರ್ (ಜಾಹೀರಾತು ತುರುಕುವ ಪ್ರೋಗ್ರಾಂ) ಎಂದಿದ್ದರೆ ಕಳ್ಳನಲ್ಲ, ಆದರೆ ಮನೆಗೆ ಬೇಡದ ಅತಿಥಿ.

ಸೊನ್ನೆ ಬಂದರೆ? ಡೀಟೇಲ್ಸ್ ಪುಟಕ್ಕೆ ಹೋಗಿ ಫಸ್ಟ್ ಸಬ್‌ಮಿಶನ್ ಎಂಬ ದಿನಾಂಕ ನೋಡಿ. ಮೂರು ವರ್ಷದಿಂದ ಎಲ್ಲರಿಗೂ ಗೊತ್ತಿದ್ದು ಸೊನ್ನೆ ಎಂದರೆ ತೂಕದ ಮಾತು. ಇವತ್ತು ಬೆಳಿಗ್ಗೆ ಮೊದಲ ಸಲ ಕಂಡ ಫೈಲಿಗೆ ಸೊನ್ನೆ ಎಂದರೆ ಯಾರೂ ಇನ್ನೂ ಸರಿಯಾಗಿ ನೋಡಿಲ್ಲ ಎಂದಷ್ಟೇ. ಎರಡು ದಿನ ಬಿಟ್ಟು ರೀಅನಲೈಜ್ ಕೊಟ್ಟು ಮತ್ತೆ ನೋಡಿ. ಬೆರಳಚ್ಚೇ ಸಿಗಲಿಲ್ಲ ಎಂದು ಬಂದರೆ ಅದೂ ಒಂದು ಸುದ್ದಿ. ಲೋಕವೆಲ್ಲ ಬಳಸುವ ಪ್ರೋಗ್ರಾಂ ಎಂದು ಹೇಳಿಕೊಳ್ಳುವ ಫೈಲನ್ನು ಲೋಕದಲ್ಲಿ ಯಾರೂ ನೋಡಿಲ್ಲ ಎಂದರೆ ಏನರ್ಥ?

ಇಷ್ಟಾದ ಮೇಲೂ ಮನಸ್ಸು ಒಪ್ಪದಿದ್ದರೆ

ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ವಿಂಡೋಸಿನದ್ದೇ ಆಂಟಿವೈರಸ್ ಆದ ಮೈಕ್ರೋಸಾಫ್ಟ್ ಡಿಫೆಂಡರಿನಿಂದ ಸ್ಕ್ಯಾನ್ ಮಾಡಿಸುವುದು ಅರ್ಧ ನಿಮಿಷದ ಕೆಲಸ, ಅದನ್ನು ಬಿಡಬೇಡಿ. ಮೊದಲು ಡಿಫೆಂಡರಿಗೆ ಅಪ್‌ಡೇಟ್ ಕೊಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲೇ ಇರುವವರು ಈ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿರಬೇಕು.

ವಿಂಡೋಸ್ ಪ್ರೋ ಇರುವವರಿಗೆ ಸ್ಯಾಂಡ್‌ಬಾಕ್ಸ್ ಎಂಬ ಸೌಲಭ್ಯ 2019ರಿಂದ ಇದೆ, ಹೋಮ್ ಆವೃತ್ತಿಯಲ್ಲಿ ಇಲ್ಲ. ಕಂಪ್ಯೂಟರಿನೊಳಗೆ ಒಂದು ತಾತ್ಕಾಲಿಕ ಕಂಪ್ಯೂಟರ್ ತೆರೆದುಕೊಳ್ಳುತ್ತದೆ, ಅಲ್ಲಿ ಫೈಲ್ ಓಡಿಸಿ ನೋಡಿ ಮುಚ್ಚಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಆದರೆ ಅದಕ್ಕೆ ಇಂಟರ್ನೆಟ್ ಸಂಪರ್ಕ ಇರುತ್ತದೆ, ಮತ್ತು ಸ್ಯಾಂಡ್‌ಬಾಕ್ಸ್ ಎಂದು ಗೊತ್ತಾದರೆ ಸಭ್ಯರಂತೆ ಕೂರುವ ವೈರಸ್ಸುಗಳೂ ಇವೆ. ಹೊಸಬರಿಗೆ ನಾನು ಇದನ್ನು ಹೇಳಿಕೊಡುವುದಿಲ್ಲ.

ಎಲ್ಲ ಪರೀಕ್ಷೆಯಲ್ಲೂ ಪಾಸಾಗಿ, ಆದರೂ ನಿಮ್ಮನ್ನು ಮುಳುಗಿಸಬಲ್ಲ ಫೈಲ್ ಒಂದು ಬಗೆಯದ್ದಿದೆ. ಎನಿಡೆಸ್ಕ್, ಟೀಮ್‌ವ್ಯೂವರ್ ಇಂಥ ದೂರದಿಂದ ಕಂಪ್ಯೂಟರ್ ನಡೆಸುವ ಪ್ರೋಗ್ರಾಮುಗಳು. ಮೂಲ ಸರಿ, ಸಹಿ ಸರಿ, ವೈರಸ್‌ಟೋಟಲ್ ಚೊಕ್ಕ. ನಾನೇ ದಿನಾ ಬಳಸುತ್ತೇನೆ. ಆದರೆ ಬ್ಯಾಂಕಿನಿಂದ ಎಂದೋ ಕರೆಂಟು ಆಫೀಸಿನಿಂದ ಎಂದೋ ಫೋನ್ ಮಾಡಿದ ಅಪರಿಚಿತರು ಅದನ್ನು ಹಾಕಿಸಿದರೆ ಮನೆಯ ಕೀಲಿಕೈಯನ್ನೇ ಕೊಟ್ಟಂತೆ. ಇಂಥ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲಿ ಕಂಡರೆ, ಹಾಕಿದವರು ಯಾರು, ಯಾವ ಕೆಲಸಕ್ಕೆ ಎಂದು ಮನೆಯವರನ್ನೆಲ್ಲ ಕೇಳಿ. ಉತ್ತರ ಇಲ್ಲದಿದ್ದರೆ ತೆಗೆಯಿರಿ.

ಒತ್ತಿ ಆಗಿದೆ, ಈಗ?

ಒತ್ತಿದರೂ ಏನೂ ತೆರೆಯಲಿಲ್ಲ ಎಂಬುದು ಸಮಾಧಾನದ ಸಂಗತಿ ಅಲ್ಲ. ಪಾಸ್‌ವರ್ಡ್ ಕದಿಯುವ ಫೈಲಿಗೆ ಕಿಟಕಿ ತೆರೆಯುವ ಅಗತ್ಯ ಇಲ್ಲ, ಕೆಲವು ಸೆಕೆಂಡಿನಲ್ಲಿ ಬ್ರೌಸರಿನಲ್ಲಿ ಉಳಿಸಿಟ್ಟದ್ದನ್ನೆಲ್ಲ ಗಂಟು ಕಟ್ಟಿ ಕಳಿಸುತ್ತದೆ.

ಮೊದಲು ವೈಫೈ ಆಫ್ ಮಾಡಿ ಅಥವಾ ನೆಟ್‌ವರ್ಕ್ ಕೇಬಲ್ ಕಿತ್ತುಹಾಕಿ. ಬ್ಯಾಕಪ್ ಹಾರ್ಡ್‌ಡಿಸ್ಕನ್ನು ಈ ಹೊತ್ತಿನಲ್ಲಿ ಸಿಕ್ಕಿಸಲೇಬೇಡಿ. ಪಾಸ್‌ವರ್ಡ್ ಬದಲಿಸುವುದು ಬೇರೆ ಕಂಪ್ಯೂಟರಿನಿಂದ ಅಥವಾ ಫೋನಿನಿಂದ, ಅದೇ ಕಂಪ್ಯೂಟರಿನಿಂದ ಅಲ್ಲ. ಮೊದಲು ಈಮೇಲ್, ಏಕೆಂದರೆ ಉಳಿದ ಎಲ್ಲ ಬಾಗಿಲುಗಳ ಕೀಲಿ ಬರುವುದು ಆ ಪೆಟ್ಟಿಗೆಗೆ. ಆಮೇಲೆ ಬ್ಯಾಂಕ್. ಎಲ್ಲ ಸಾಧನಗಳಿಂದ ಸೈನ್ ಔಟ್ ಎಂಬ ಆಯ್ಕೆಯನ್ನೂ ಒತ್ತಿ. ಕದ್ದವರ ಹತ್ತಿರ ನೀವು ಆಗಲೇ ಒಳಗಿದ್ದೀರಿ ಎಂದು ಹೇಳುವ ಕುಕೀ ಇದ್ದರೆ ಪಾಸ್‌ವರ್ಡ್ ಬದಲಿಸಿದ್ದು ಮಾತ್ರ ಸಾಲದು. ಆಮೇಲೆ ವಿಂಡೋಸ್ ಸೆಕ್ಯುರಿಟಿಯಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡಿ, ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಸುಮಾರು ಕಾಲು ಗಂಟೆ ಹುಡುಕುತ್ತದೆ. ಕಳ್ಳತನದ ಫೈಲ್ ಎಂದು ಖಚಿತವಾದರೆ ನಾನು ಸ್ಕ್ಯಾನಿಗೆ ನಿಲ್ಲದೆ ದಾಖಲೆಗಳನ್ನಷ್ಟೇ ಉಳಿಸಿ ವಿಂಡೋಸನ್ನು ಹೊಸದಾಗಿ ಹಾಕುತ್ತೇನೆ.

ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಹಿಡಿಯಲು ಆಗುತ್ತದೆ. ಕೇಂದ್ರ ಸರ್ಕಾರದ ಸೈಬರ್‌ಕ್ರೈಂ ಪೋರ್ಟಲಿನಲ್ಲಿ ದೂರನ್ನೂ ದಾಖಲಿಸಿ. ಗಾಬರಿಯಲ್ಲಿ ಫೈಲನ್ನು ಅಳಿಸುವ ಮೊದಲು ಅದರ ಪೂರ್ತಿ ಹೆಸರು, ಇದ್ದ ಜಾಗ, ಬಂದ ಈಮೇಲಿನ ವಿಳಾಸ, ದಿನ ಮತ್ತು ಹೊತ್ತು, ಸಾಧ್ಯವಾದರೆ ಬೆರಳಚ್ಚು, ಇಷ್ಟನ್ನು ಕಾಗದದಲ್ಲಿ ಬರೆದಿಡಿ.

ಕಾರ್ಕಳದ ಅಕ್ಕ ಅವತ್ತು ಬರೆದ ಕಾಗದ ಒಂದು ಹಳೆಯ ರಸೀದಿಯ ಹಿಂಬದಿ. ಫೋನಿನಲ್ಲಿ ನಾನು ಒಂದೊಂದು ಅಕ್ಷರ ಹೇಳುತ್ತ ಹೋದೆ, ಅವರು 64ನ್ನೂ ಬರೆದುಕೊಂಡು ಹಿಂದೆ ಓದಿ ಹೇಳಿದರು. ಮೇಲ್ ಖಾತೆ ಮರುದಿನ ಮಧ್ಯಾಹ್ನ ವಾಪಸು ಸಿಕ್ಕಿತು. ಈಗ ಅವರ ಮಾನಿಟರಿನ ಅಂಚಿಗೆ ಒಂದು ಚೀಟಿ ಅಂಟಿಸಿದ್ದಾರೆ, ಅದರಲ್ಲಿ ಮಾಲು ಕಳಿಸುವ ಐದು ಮಂದಿಯ ಫೋನ್ ನಂಬರ್ ಇದೆ, ಇನ್‌ವಾಯ್ಸ್ ಬಂದರೆ ಮೊದಲು ಕೇಳುವುದಕ್ಕೆ.